ದಿವೇ ಘಾಟಿನ ಕೊನೆಯ ತಿರುವಿನಲ್ಲಿ

ನವೆಂಬರ್ ಹದಿನಾರು, ಭಾನುವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ.

ಮೂರು ವರ್ಷ ಎಂಟು ತಿಂಗಳ ಹಿಂದೆ, ಮಾರ್ಚ್ ತಿಂಗಳ ಮೊದಲ ಭಾನುವಾರ, ದಿವೇ ಘಾಟಿನ ಕೊನೆಯ ತಿರುವಿನಲ್ಲಿ, ನನ್ನ ಪಕ್ಕದಲ್ಲಿ ಓಡುತ್ತಿದ್ದ ರೇಣುಕಾಳಿಗೆ ನಾನು ಸುಳ್ಳು ಹೇಳಿದೆ. ನಾವು ಒಂಬತ್ತು ನಿಮಿಷ ಮುಂದಿದ್ದೆವು. ನಾಲ್ಕು ನಿಮಿಷ ಹಿಂದಿದ್ದೇವೆ ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಕೈಗಡಿಯಾರ ನೋಡಿ, ಸರಿಯಾದ ಅಂಕಿಯನ್ನು ಓದಿಕೊಂಡು, ಆಮೇಲೆ ಬೇರೆಯದನ್ನು ಹೇಳಿದೆ. ಅವಳು ಜೇಜುರಿ ಮುಟ್ಟದಿರಲಿ ಎಂದು ಹೇಳಿದೆ.

ಇಷ್ಟೇ ವಿಷಯ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ — ಓಟದ ಗಂಧವಿಲ್ಲದವರು, ಇದೂ ಒಂದು ತಪ್ಪೇ ಎಂದು ಪುಟ ತಿರುಗಿಸಿಯಾರು. ತಿರುಗಿಸಬೇಡಿ.

ನನ್ನ ಹೆಸರು ವಿನಯಾ. ನಮ್ಮದು ಕುಂದಾಪುರದ ಕಡೆಯ ಮನೆತನ. ಅಪ್ಪ ಮರಾಠಿ ನಾಡಿನ ಹಡಪಸರದಲ್ಲಿ ಹೋಟೆಲು ನಡೆಸುತ್ತಾರೆ. ನಾನು ಹುಟ್ಟಿದ್ದೂ ಓದಿದ್ದೂ ಇಲ್ಲೇ. ಇಪ್ಪತ್ಮೂರನೆಯ ವಯಸ್ಸಿನಲ್ಲಿ ದೂರದ ಓಟ ಹಿಡಿದೆ. ಹಿಡಿದೆ ಎಂದರೆ, ನಾನು ಯಾವುದನ್ನು ಹಿಡಿದರೂ ಹಿಡಿಯುವ ರೀತಿಯಲ್ಲೇ ಹಿಡಿದೆ. ಬೂಟು ಎರಡು ಜೊತೆ. ಒಂದು ದಿನ ಒಂದು, ಮರುದಿನ ಇನ್ನೊಂದು. ಯಾವುದು ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ ಬೇರೆ ಬೇರೆ. ಮಲಗಿದ್ದು ಎಷ್ಟು ಹೊತ್ತಿಗೆ, ಎದ್ದಾಗ ನಾಡಿ ಎಷ್ಟು, ಓಟದ ಮೊದಲು ತಿಂದದ್ದೇನು, ಅದು ಹೊಟ್ಟೆಯಲ್ಲಿ ಹೇಗೆ ಕೂತಿತು. ಹೋಟೆಲಿನ ಬನ್ಸ್ ತಿಂದು ಓಡಿದರೆ ಎಂಟನೆಯ ಕಿಲೋಮೀಟರಿನಲ್ಲಿ ಹುಳಿತೇಗು ಬರುತ್ತದೆ ಎಂದು ಮೂರು ಸಲ ಪರೀಕ್ಷಿಸಿ ಬರೆದಿಟ್ಟುಕೊಂಡವಳು ನಾನು. ಅಪ್ಪ ಗಲ್ಲೆಯಲ್ಲಿ ಕೂತು ನಗುತ್ತಿದ್ದರು: "ಎಂತ ಮಗಾ, ಓಡುದು ನೀನಾ, ನಿನ್ನ ಪುಸ್ತಕವಾ?"

ಬೆಳಗ್ಗೆ ಕಾಲುವೆ ಪಕ್ಕದ ರಸ್ತೆಯಲ್ಲಿ ಓಡುವವರ ಒಂದು ಗುಂಪಿತ್ತು. ಶಿಂದೆ ಸರ್ ಎಂಬ ಮರಾಠಿ ಹಿರಿಯರು ಕಲಿಸುತ್ತಿದ್ದರು. ಗುಂಪಿನಲ್ಲಿ ಎರಡು ವರ್ಷ ನಾನೊಬ್ಬಳೇ ಹೆಂಗಸು. ಹೊಸಬರು ಬಂದಾಗಲೆಲ್ಲ ಸರ್ ನನ್ನ ಕಡೆ ಕೈ ತೋರಿಸಿ, "ವಿನಯಾಕಡೂನ ಶಿಕಾ" ಎನ್ನುತ್ತಿದ್ದರು — ವಿನಯಾಳನ್ನು ನೋಡಿ ಕಲಿಯಿರಿ ಎಂದು. ಆ ಮಾತಿಗಾಗಿ ನಾನು ಎಷ್ಟು ಬೆಳಗುಗಳು ಚಳಿಯಲ್ಲಿ ಎದ್ದಿದ್ದೇನೆಂದು — ಅದೊಂದನ್ನು ಮಾತ್ರ ಎಲ್ಲೂ ಬರೆದಿಟ್ಟಿಲ್ಲ.

ಆಮೇಲೆ ರೇಣುಕಾ ಬಂದಳು.

ವಿಜಯಪುರದ ಕಡೆಯವಳು. ಬ್ಯಾಂಕಿನ ಕೆಲಸ, ಹಡಪಸರದ ಶಾಖೆಗೆ ವರ್ಗವಾಗಿ ಬಂದಿದ್ದಳು. ಮೊದಲ ದಿನ ಚೂಡಿದಾರದ ಪೈಜಾಮದ ಮೇಲೆ ಅಣ್ಣನ ಅಂಗಿ, ರಸ್ತೆ ಬದಿಯ ಅಂಗಡಿಯಲ್ಲಿ ಕೊಂಡ ಬೂಟು — ಅದೂ ಒಂದು ಅಳತೆ ದೊಡ್ಡದು, ಮುಂದೆ ಬಟ್ಟೆ ತುರುಕಿದ್ದಳು. ನನ್ನ ಕೈಗಡಿಯಾರ ನೋಡಿ ಕಣ್ಣರಳಿಸಿದಳು.

"ಇದು ಏನೇನ ಹೇಳ್ತದ?"

"ದೂರ, ವೇಗ, ನಾಡಿ."

"ಯವ್ವಾ! ದಣಿವಾಗ್ಯದ ಇಲ್ಲ ಅಂತನೂ ಅದನ್ನ ಕೇಳ್ತೀ ಏನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಾದ ಆರನೆಯ ವಾರ ಹತ್ತು ಕಿಲೋಮೀಟರ್ ಓಟದಲ್ಲಿ ಅವಳು ನನಗಿಂತ ಎರಡು ನಿಮಿಷ ಮೊದಲು ಮುಗಿಸಿದಳು. ಮುಗಿಸಿ, ಬೂಟು ಬಿಚ್ಚಿ, ತುರುಕಿದ್ದ ಬಟ್ಟೆ ಹಿಂಡಿ ಒಣಹಾಕುತ್ತ ಕುಳಿತಿದ್ದಳು. ನಾನು ಬಂದಾಗ ಎದ್ದು ಓಡಿ ಬಂದು ನನಗೆ ನೀರು ಕೊಟ್ಟಳು. ಆ ನೀರನ್ನು ನಾನು ಕುಡಿಯದೆ ಮುಖಕ್ಕೆ ಎರಚಿಕೊಂಡೆ.

ಹೊಟ್ಟೆಕಿಚ್ಚು ಒಮ್ಮೆಲೇ ಬರುವುದೆಂದು ಅಂದುಕೊಂಡಿದ್ದೆ. ಹಾಗಲ್ಲ. ಅದು ದಿನಕ್ಕೆ ಇಷ್ಟಿಷ್ಟೇ, ಲೆಕ್ಕದ ಹಾಗೆ ಕೂಡುತ್ತಾ ಹೋಗುತ್ತದೆ. ಸರ್ ಹೆಸರು ಕೂಗುವಾಗ ಮೊದಲು ರೇಣುಕಾ, ಆಮೇಲೆ ವಿನಯಾ. ಅವಳು ಶೇಂಗಾಚಟ್ನಿ ಹಚ್ಚಿದ ರೊಟ್ಟಿ ತಿಂದು ಬಂದು ಹಾರಿದಂತೆ ಓಡುತ್ತಾಳೆ. ನಾನು ತೂಕ ಮಾಡಿದ ಓಟ್ಸ್ ತಿಂದು ಏದುಸಿರು ಬಿಡುತ್ತೇನೆ. ಭಾನುವಾರ ಗುಂಪೆಲ್ಲ ನಮ್ಮ ಹೋಟೆಲಿಗೆ ತಿಂಡಿಗೆ ಬಂದರೆ ಅಪ್ಪ ಅವಳ ಎಲೆಗೆ ಕೇಳದೆಯೇ ಇನ್ನೊಂದು ದೋಸೆ ಹಾಕಿಸುತ್ತಾರೆ. "ಬ್ಯಾಂಕಿನಮ್ಮ ತಿಂದು ಓಡ್ತಾರೆ, ನಮ್ಮವಳು ಬರೆದು ಓಡ್ತಾಳೆ" — ಅಪ್ಪನ ತಮಾಷೆ ಅದು. ನನ್ನ ಅಪ್ಪ. ನನ್ನ ಹೋಟೆಲು. ಅವಳಿಗೆ ಇದೊಂದೂ ತಿಳಿದಿರಲಿಲ್ಲ. ಅವಳು ನನ್ನನ್ನು ಗೆಳತಿ ಎಂದೇ ತಿಳಿದಿದ್ದಳು. ನಾನೂ ಗೆಳತಿಯೇ ಆಗಿದ್ದೆ — ಅದೇ ವಿಚಿತ್ರ. ಅವಳು ಬಾರದ ದಿನ ಓಟ ಬೇಸರವಾಗುತ್ತಿತ್ತು.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮೊದಲು, ಮಾರ್ಚ್ ಆರಂಭದಲ್ಲಿ, ಹಡಪಸರದಿಂದ ದಿವೇ ಘಾಟು ಹತ್ತಿ, ಸಾಸವಡ ದಾಟಿ, ಜೇಜುರಿಯವರೆಗೆ ಓಡುವುದು. ಹೆಚ್ಚು ಕಡಿಮೆ ನಲವತ್ತು ಕಿಲೋಮೀಟರ್. ಪಾಲಖಿಯ ಜೊತೆ ಯಾತ್ರೆ ಹೋಗುವ ವಾರಕರಿಗಳು ನಡೆಯುವ ದಾರಿ ಅದೇ. ಬಹುಮಾನವಿಲ್ಲ, ಪದಕವಿಲ್ಲ. ಕೊನೆಗೆ ಖಂಡೋಬಾ ದೇವರ ಗುಡ್ಡದ ಮೆಟ್ಟಿಲು ಹತ್ತಿ, ಮೇಲೆ ಭಂಡಾರ — ಅರಿಸಿನದ ಪುಡಿ — ಹಾರಿಸಿ, ಮೈಯೆಲ್ಲ ಹಳದಿಯಾಗಿ ಇಳಿಯುವುದು. ಒಂದೇ ಕಟ್ಟುಪಾಡು: ಏಳೂವರೆಯೊಳಗೆ ಸಾಸವಡ ಮುಟ್ಟದವರನ್ನು ಸರ್ ಜೊತೆಗೆ ಬರುವ ಟೆಂಪೊ ಹತ್ತಿಸುತ್ತಿದ್ದರು. ಆಮೇಲೆ ಬಿಸಿಲೂ ಲಾರಿಗಳೂ ಹೆಚ್ಚು.

ಫೆಬ್ರವರಿಯ ಒಂದು ಶನಿವಾರ, ಓಟ ಮುಗಿಸಿ ಕಾಲುವೆಯ ಕಟ್ಟೆಯ ಮೇಲೆ ಕಬ್ಬಿನ ಹಾಲು ಕುಡಿಯುತ್ತಿದ್ದಾಗ, ಅವಳು ತಾನು ಯಾಕೆ ಓಡಲು ಬಂದೆ ಎಂದು ನನಗೆ ಹೇಳಿದಳು. ಗುಂಪಿನಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ.

ಹಿಂದಿನ ವರ್ಷ ಅವಳ ತಾಯಿಗೆ ಸೊಲ್ಲಾಪುರದಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿತ್ತು. ಉಳಿಯುವ ಭರವಸೆ ಇರಲಿಲ್ಲ. ಆಸ್ಪತ್ರೆಯ ಹೊರಗೆ ಕೂತು ಇವಳು ಮನೆದೇವರಿಗೆ ಹರಕೆ ಹೊತ್ತಳು.

"ಇವರು ಖಂಡೋಬಾ ಅಂತಾರ, ನಾವು ಮೈಲಾರಲಿಂಗ ಅಂತೀವಿ. ಅವ್ವ ಎದ್ದು ಮನಿಗೆ ಬಂದ್ರ ಜೇಜುರಿಗೆ ಓಡ್ಕೋತ ಬರ್ತೀನಪಾ ಅಂದೆ. ನಡ್ಕೋತ ಅನ್ನಬೇಕಿತ್ತು, ಹುಚ್ಚಿ! ಬಾಯಾಗ ಓಡ್ಕೋತ ಅಂತ ಬಂತು. ಅವ್ವ ಎದ್ಲು. ಈಗ ಓಡೂದ ಕಲೀಬೇಕಲ್ಲ?"

ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ನಡುವೆ ಸ್ವಲ್ಪ ನಡೆದರೆ?" ಎಂದು ಕೇಳಿದೆ.

"ಒಂದ ಹೆಜ್ಜಿ ನಡದ್ರೂ ಹರಕಿ ಮುಟ್ಟಂಗಿಲ್ಲ."

ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ. ಸಮಾಧಾನದ ಮಾತನ್ನೂ ಆಡಿದೆ. ಒಳಗೆ ಏನು ನಡೆಯುತ್ತಿತ್ತೆಂದರೆ — ಇದನ್ನು ಬರೆಯುವುದು ಸುಳ್ಳನ್ನು ಬರೆಯುವುದಕ್ಕಿಂತ ಕಷ್ಟ — ಅವಳಿಗೆ ಓಡಲು ಅಂಥದೊಂದು ಕಾರಣವಿತ್ತಲ್ಲ ಎಂದು ನನ್ನ ಕಿಚ್ಚು ಇನ್ನೂ ಹೆಚ್ಚಾಯಿತು. ಅವಳಿಗೆ ದೇವರಿದ್ದ, ಅವ್ವ ಇದ್ದಳು. ನನಗೆ ಕೋಷ್ಟಕವಿತ್ತು. ಅವಳ ಕಾಲು ನನ್ನದಕ್ಕಿಂತ ಚುರುಕು ಎಂಬುದನ್ನು ಹೇಗೋ ನುಂಗಿಕೊಂಡಿದ್ದೆ. ಅವಳ ಓಟಕ್ಕೆ ಅರ್ಥವಿದೆ, ನನ್ನದಕ್ಕಿಲ್ಲ ಎಂಬುದನ್ನು ನುಂಗಲಾಗಲಿಲ್ಲ.

ಸರ್ ನಮ್ಮಿಬ್ಬರನ್ನೂ ಜೋಡಿ ಮಾಡಿದರು. ಅವಳು ಅಷ್ಟು ದೂರ ಎಂದೂ ಓಡಿರಲಿಲ್ಲ. ನಾನು ಎರಡು ಸಲ ಓಡಿದ್ದೆ. ಅವಳಿಗೆ ಮೊದಲೇ ಹಾರಿಬಿಡುವ ಅಭ್ಯಾಸ. "ಹಿಲಾ ಧರೂನ ಠೇವ" ಎಂದರು ಸರ್ — ಇವಳನ್ನು ಹಿಡಿದಿಟ್ಟುಕೋ. ಗಡಿಯಾರ ನನ್ನ ಕೈಯಲ್ಲಿ. ಇಬ್ಬರ ಪಾಲಿನ ಖರ್ಜೂರ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ನನ್ನ ಸೊಂಟದ ಚೀಲದಲ್ಲಿ. ಅವಳ ಫೋನು, ಚೀಲ ಎಲ್ಲ ಟೆಂಪೊದಲ್ಲಿ. ಅವಳ ಹತ್ತಿರ ಕಾಲು ಬಿಟ್ಟರೆ ಬೇರೇನೂ ಇರಲಿಲ್ಲ.

ನಾಲ್ಕೂವರೆಗೆ, ಕತ್ತಲಲ್ಲೇ ಹೊರಟೆವು. ಮೊದಲ ಮೂರು ಕಿಲೋಮೀಟರಿನಲ್ಲೇ ಅವಳು ಯೋಜನೆಗಿಂತ ವೇಗವಾಗಿ ಓಡುತ್ತಿದ್ದಳು. ನನಗೆ ತಿಳಿಯಿತು. ನಾನು ತಡೆಯಲಿಲ್ಲ. "ಎಷ್ಟದ?" ಎಂದು ಕೇಳಿದಳು. "ಸರಿ ಉಂಟು" ಎಂದೆ. ಮತ್ತೆ ಕೇಳಿದಳು. ಮತ್ತೆ ಅದೇ ಎಂದೆ. ಅಲ್ಲಿಯವರೆಗೂ ನಾನು ನನಗೆ ಹೇಳಿಕೊಳ್ಳಬಹುದಿತ್ತು, ಉಸಿರು ಕಟ್ಟಿತ್ತು, ಮಾತಾಡಲು ಆಗಲಿಲ್ಲ ಎಂದು. ಅವಳ ಜೊತೆ ಹೆಜ್ಜೆ ಹಾಕಲು ನನಗೂ ಎದೆ ಬಿರಿಯುತ್ತಿತ್ತು, ಅದು ನಿಜ. ಆದರೆ ನಿಜವೆಲ್ಲ ನೆಪವಾಗುವುದಿಲ್ಲ.

ಮೊದಲೇ ಯೋಚಿಸಿದ್ದೆನೇ? ಇಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಯೋಚಿಸಿದ್ದೆ. ಆ ಕಬ್ಬಿನ ಹಾಲಿನ ದಿನದಿಂದಲೇ, ಇವಳು ಮೊದಲ ಅರ್ಧ ಜೋರಾಗಿ ಓಡಿದರೆ ಎಲ್ಲಿ ಮುರಿಯುತ್ತಾಳೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಲೆಕ್ಕ ಅಷ್ಟೇ, ಮಾಡುವುದಿಲ್ಲ — ಎಂದುಕೊಂಡು ಹಾಕಿದ್ದೆ.

ಘಾಟು ಹತ್ತಿದೆವು. ಕೊನೆಯ ತಿರುವು. ತುದಿಯಲ್ಲಿ ಟೆಂಪೊ ನಿಂತಿತ್ತು. ಅಲ್ಲಿ ನಿಂಬೆ–ಉಪ್ಪಿನ ನೀರು ಕುಡಿದು, ಐದು ನಿಮಿಷ ಸುಧಾರಿಸಿಕೊಂಡು ಮುಂದೆ ಹೋಗಬೇಕೆಂಬುದು ಯೋಜನೆ. ಹಾಗೆ ಮಾಡಿದ್ದರೆ ಅವಳು ಜೇಜುರಿ ಮುಟ್ಟುತ್ತಿದ್ದಳು. ಅದೂ ನನಗೆ ಗೊತ್ತಿತ್ತು.

"ಎಷ್ಟದ ಈಗ?"

ಗಡಿಯಾರ ನೋಡಿದೆ. ಆರು ಗಂಟೆ ಆರು ನಿಮಿಷ. ಯೋಜನೆಯಲ್ಲಿ ಇದ್ದದ್ದು ಆರೂಕಾಲು.

"ನಾಲ್ಕು ನಿಮಿಷ ಹಿಂದೆ ಇದ್ದೇವೆ ಮಾರಾಯ್ತಿ."

ಅವಳು ಆಕಾಶ ನೋಡಿದಳು. "ಇನ್ನೂ ಬೆಳಕ ಹರದಿಲ್ಲಲ್ಲ. ತಡ ಹ್ಯಾಂಗಾತು?"

"ಇದು ಘಾಟಿನ ನೆರಳು. ಆಚೆ ಕಡೆ ಬೆಳಗಾಗಿದೆ."

ಅವಳು ಇನ್ನೊಮ್ಮೆ ಮೇಲೆ ನೋಡಲಿಲ್ಲ. ಆಕಾಶಕ್ಕಿಂತ ನನ್ನನ್ನು ನಂಬಿದಳು.

"ನನಗೆ ಆಗುದಿಲ್ಲ, ಕಾಲು ಹಿಡಿದಿದೆ" ಎಂದೆ. "ನೀನು ಹೋಗು. ನೀರಿಗೆ ನಿಲ್ಲಬೇಡ. ಸಾಸವಡ ತಪ್ಪಿದರೆ ಟೆಂಪೊ ಹತ್ತಿಸ್ತಾರೆ."

"ನೀ?"

"ಬರ್ತೇನೆ, ಹೋಗು."

ಅವಳು ನನ್ನ ಬೆನ್ನು ತಟ್ಟಿ ಹೋದಳು. ಟೆಂಪೊದಲ್ಲಿದ್ದವರು ನೀರಿನ ಲೋಟ ಹಿಡಿದು ಕೂಗುತ್ತಿದ್ದರೂ ಕೈ ಬೀಸಿ ಹಾಗೇ ಹೋದಳು. ನಾನು ನಿಂತೆ. ನೀರು ಕುಡಿದೆ, ಎರಡು ಲೋಟ. ಕಾಲು ಹಿಡಿದಿರಲಿಲ್ಲ. ಅವಳ ಪಾಲಿನ ತಿನಿಸು ನನ್ನ ಚೀಲದಲ್ಲೇ ಉಳಿದಿತ್ತು. ಸಾಸವಡ ದಾಟಿದ ಮೇಲೆ ಅದನ್ನೂ ನಾನೇ ತಿಂದೆ.

ಸಾಸವಡದಲ್ಲಿ ಏನಾಯಿತೆಂದು ಆಮೇಲೆ ಸರ್ ಹೇಳಿದರು. ಅವಳು ಇಳಿಜಾರಿನಲ್ಲಿ ಕಲ್ಲು ಉರುಳಿದಂತೆ ಬಂದಳಂತೆ. "ಕಿತಿ ಲವಕರ ಆಲೀಸ ಗ!" — ಎಷ್ಟು ಬೇಗ ಬಂದೆಯೇ — ಎಂದು ಸರ್ ಬೆರಗಾಗಿ, ಏಳೂವರೆಗೆ ಇನ್ನೂ ಅರ್ಧ ಗಂಟೆಗಿಂತ ಹೆಚ್ಚಿದೆ ಎಂದರಂತೆ. ನನ್ನ ಸುಳ್ಳು ಅಲ್ಲೇ ಬಯಲಾಗಬೇಕಿತ್ತು. ಘಾಟಿನ ಮೇಲೆ ನಾಲ್ಕು ನಿಮಿಷ ಹಿಂದಿದ್ದವಳು ಸಾಸವಡಕ್ಕೆ ಅಷ್ಟು ಮುಂಚೆ ಬರುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಆದರೆ ರೇಣುಕಾ ಲೆಕ್ಕ ಮಾಡುವವಳಲ್ಲ. ಅವಳು ಎರಡು ಕೈ ಜೋಡಿಸಿ, ಅವನೇ ಎಳೆದುಕೊಂಡ ಎಂದಳಂತೆ. ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು ಜೇಜುರಿಯ ರಸ್ತೆ ಹಿಡಿದಳಂತೆ. ಸರ್ ನಿಲ್ಲು ನಿಲ್ಲು ಎಂದರೂ ಕೇಳಲಿಲ್ಲವಂತೆ. ದೇವರು ಎಳೆಯುವಾಗ ಯಾರಾದರೂ ನಿಲ್ಲುತ್ತಾರೆಯೇ?

ಜೇಜುರಿ ಇನ್ನು ಎಂಟು ಕಿಲೋಮೀಟರ್ ಇರುವಲ್ಲಿ ನಾನು ಅವಳನ್ನು ಕಂಡೆ. ಬಿಸಿಲು ಏರಿತ್ತು. ರಸ್ತೆ ಬದಿಯ ಮಣ್ಣಿನಲ್ಲಿ ಕುಳಿತಿದ್ದಳು. ಮೀನಖಂಡ ಕಲ್ಲಿನಂತೆ ಗಂಟುಕಟ್ಟಿತ್ತು, ಟೆಂಪೊದಲ್ಲಿ ಬಂದಿದ್ದ ಸರ್ ತಿಕ್ಕುತ್ತಿದ್ದರು. ತುಟಿ ಬಿಳಿಚಿಕೊಂಡಿತ್ತು. ಎರಡು ಸಲ ವಾಂತಿಯಾಗಿತ್ತಂತೆ. ಏಳಲು ನೋಡುತ್ತಿದ್ದಳು, ಕಾಲು ಮಡಚಿಕೊಳ್ಳುತ್ತಿತ್ತು, ಮತ್ತೆ ಏಳಲು ನೋಡುತ್ತಿದ್ದಳು. ನನ್ನನ್ನು ಕಂಡು ಕೈಯೆತ್ತಿದಳು.

"ಹೋಗು, ವಿನೂ. ನಿಲ್ಲಬ್ಯಾಡ. ನೀ ಆದ್ರೂ ಮುಟ್ಟು."

ನಾನು ನಿಲ್ಲಲಿಲ್ಲ. ಅವಳೇ ನಿಲ್ಲಬೇಡ ಎಂದಳಲ್ಲ ಎಂದು ಅಂದುಕೊಂಡು ಮುಂದೆ ಓಡಿದೆ. ಮತ್ತೆ — ಇದನ್ನು ಹೇಳದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ — ನನಗೆ ಸಂತೋಷವಾಯಿತು. ಒಂದು ಕಿಲೋಮೀಟರಿನಷ್ಟು ದೂರ, ಹಗುರಾಗಿ, ಗಾಳಿಯ ಹಾಗೆ ಓಡಿದೆ. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಓಡಿಲ್ಲ, ಆಮೇಲೂ ಓಡಿಲ್ಲ.

ಜೇಜುರಿಯ ಮೆಟ್ಟಿಲಿನ ಬುಡದಲ್ಲಿ ಎಲ್ಲರೂ ಸೇರಿದೆವು. ಅವಳನ್ನು ಟೆಂಪೊದಲ್ಲಿ ತಂದಿದ್ದರು. ಸರ್ ಅವಳ ತಲೆಯ ಮೇಲೆ ಕೈಯಿಟ್ಟು, ಮುಂದಿನ ವರ್ಷ ಓಡಿದರಾಯಿತು, ಈಗ ನಡೆದೇ ಹತ್ತು ಎಂದರು. ಅವಳು ಒಲ್ಲೆನೆಂದು ತಲೆಯಾಡಿಸಿದಳು. ಕಲ್ಲಿನ ಮೇಲೆ ಕುಳಿತೇ ಇದ್ದಳು. ಮೇಲಿನಿಂದ ಭಕ್ತರ ಏಳುಕೋಟಿಯ ಕೂಗು ಕೇಳುತ್ತಿತ್ತು. ಇಳಿದು ಬರುತ್ತಿದ್ದವರಲ್ಲಿ ಕನ್ನಡ ಮಾತಾಡುವ ಒಂದು ಕುಟುಂಬವೂ ಇತ್ತು. ಅವರು ಅವಳನ್ನು ನೋಡಿ, "ಯಾಕ ತಂಗಿ, ಹತ್ತಂಗಿಲ್ಲೇನ?" ಎಂದು ಕೇಳಿದರು.

ಅವರು ಹೋದ ಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಸಾಸವಡ ತನಕ ಕರಕೊಂಡ ಬಂದ ನೋಡು. ಅಲ್ಲಿಂದ ಕೈ ಬಿಟ್ಟ. ಬ್ಯಾಡ ಆಗಿದ್ರ ಮನಿ ಬಾಗಲದಾಗನ ಬ್ಯಾಡ ಅನ್ನಬೇಕಿತ್ತಿಲ್ಲ?"

ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಬಿಟ್ಟದ್ದು ಅವನಲ್ಲ, ನಾನು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವಳು ಟೆಂಪೊದಲ್ಲಿದ್ದ ತನ್ನ ಚೀಲ ತರಿಸಿ, ಒಂದು ಪೊಟ್ಟಣ ತೆಗೆದಳು. ಅವಳ ತಾಯಿ ಊರಿನಿಂದ ಕಳಿಸಿದ್ದ ಭಂಡಾರ ಮತ್ತು ಒಣಕೊಬ್ಬರಿಯ ಚೂರು.

"ನೀ ಓಡಿ ಬಂದೀ. ನೀನ ಹಾರ್ಸು. ಅವ್ವನ ಹೆಸರಲೆ ಹಾರ್ಸು. ಆಕಿ ಹೆಸರು ಶಾಂತವ್ವ."

ನಾನು ಅದನ್ನು ತೆಗೆದುಕೊಂಡು ಮೆಟ್ಟಿಲು ಹತ್ತಿದೆ. ಶಾಂತವ್ವನ ಹೆಸರು ಹೇಳಿ ಹಾರಿಸಿದೆ. ಅರಿಸಿನ ಗಾಳಿಗೆ ತಿರುಗಿ ನನ್ನ ಮುಖದ ಮೇಲೇ ಬಿತ್ತು. ಜೊತೆಯವರು ಚಪ್ಪಾಳೆ ತಟ್ಟಿ ಫೋಟೊ ತೆಗೆದರು. ಆ ಫೋಟೊದಲ್ಲಿ ನಾನು ನಗುತ್ತಿದ್ದೇನೆ.

ಅವಳು ಆಮೇಲೆ ಕಾಲುವೆಯ ಕಡೆ ಬರಲಿಲ್ಲ. ಕಾಲು ಸರಿಹೋಗಿತ್ತು, ಬರಲಿಲ್ಲ. ಏಪ್ರಿಲಿನಲ್ಲಿ ಒಂದು ಸಂಜೆ ಒಬ್ಬಳೇ ನಮ್ಮ ಹೋಟೆಲಿಗೆ ಬಂದಳು. ಅಪ್ಪ ಎಂದಿನಂತೆ ಕೇಳದೆಯೇ ಎರಡನೆಯ ದೋಸೆ ಹಾಕಿಸಿದರು. ಅವಳು ಅರ್ಧಕ್ಕೆ ಬಿಟ್ಟಳು. ನಾನು ಎದುರು ಕುಳಿತೆ. ಆ ದಿನದ ಬಗ್ಗೆ ನಿನಗೊಂದು ಮಾತು ಹೇಳಬೇಕು ಎಂದೆ.

"ಆ ಮಾತ ಬ್ಯಾಡ ಬಿಡು, ವಿನೂ. ಬ್ಯಾಡ ಅಂದವನ ಬಾಗಲಕ್ಕ ಮತ್ತ ಮತ್ತ ಹ್ಯಾಂಗ ಹೋಗ್ಲಿ?"

ಅವಳು ಬೇಡ ಎಂದದ್ದು ದೇವರ ಮಾತನ್ನು. ನನ್ನ ಮಾತನ್ನಲ್ಲ. ಅದು ತಿಳಿದೂ ನಾನು ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ — ಹಗುರಾದೆ. ಅವಳೇ ಬೇಡ ಎಂದಳು ಎಂದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಆ ಮಳೆಗಾಲದಲ್ಲಿ ಅವಳಿಗೆ ವರ್ಗವಾಯಿತು. ಎಲ್ಲಿಗೆಂದು ನನಗೆ ಹೇಳಲಿಲ್ಲ, ಅಥವಾ ನಾನು ಕೇಳಲಿಲ್ಲ. ಒಂದು ವರ್ಷದ ಮೇಲೆ ಫೋನು ಮಾಡಿದರೆ ಆ ನಂಬರು ಬೇರೆಯವರದಾಗಿತ್ತು. ಬ್ಯಾಂಕಿನ ಶಾಖೆಗೆ ಹೋಗಿ ಕೇಳಿದೆ. ಹಾಗೆಲ್ಲ ಕೊಡುವಂತಿಲ್ಲ ಎಂದರು. ಅವಳ ಊರಿನ ಕಡೆಯವರೊಬ್ಬರು ಒಮ್ಮೆ ಹೋಟೆಲಿನಲ್ಲಿ ಸಿಕ್ಕಾಗ ಒಂದು ಮಾತು ಹೇಳಿದರು: ಅವರ ಮನೆಯವರೆಲ್ಲ ಜೇಜುರಿಗೆ ಬಂದು ಹೋದರಂತೆ, ದೊಡ್ಡ ಮಗಳೊಬ್ಬಳು ಮಾತ್ರ ಬರಲಿಲ್ಲವಂತೆ. ಯಾಕೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು.

ಒಂದು ಅನುಮಾನ ಮಾತ್ರ ಉಳಿದಿದೆ. ಯಾವಾಗಲಾದರೂ, ಕೆಲಸದ ನಡುವೆ, ಬಸ್ಸಿನಲ್ಲಿ, ಅವಳು ಘಾಟಿನಿಂದ ಸಾಸವಡದವರೆಗಿನ ಆ ಕಳೆಯುವ ಲೆಕ್ಕವನ್ನು ಮಾಡಿದ್ದರೆ? ಬ್ಯಾಂಕಿನವಳು, ನಿಮಿಷಗಳ ಲೆಕ್ಕ ಅವಳಿಗೇನೂ ಕಷ್ಟವಲ್ಲ. ಮಾಡಿದ್ದರೆ ಒಳ್ಳೆಯದು ಎಂದುಕೊಳ್ಳುತ್ತೇನೆ. ನನ್ನನ್ನು ದ್ವೇಷಿಸಲಿ, ಆದರೆ ಅವಳ ದೇವರು ಅವಳಿಗೆ ಸಿಕ್ಕಿರುತ್ತಾನೆ. ಮಾಡಿಲ್ಲದಿದ್ದರೆ — ಅವಳ ಮನೆದೇವರ ಮೇಲೆ ನಾನು ಹೊರಿಸಿದ ಅಪವಾದ ಇನ್ನೂ ಹಾಗೇ ಇದೆ.

ನಾನು ಈಗಲೂ ಓಡುತ್ತೇನೆ. ಜೇಜುರಿಯ ಓಟಕ್ಕೆ ಹೋಗುವುದಿಲ್ಲ. ಕಳೆದ ತಿಂಗಳು ಶಿಂದೆ ಸರ್ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮರುದಿನದಿಂದ ಹೊಸಬರಿಗೆ ನನ್ನನ್ನು ತೋರಿಸುವುದನ್ನು ಬಿಟ್ಟರು. ಅಪ್ಪನಿಗೂ ಹೇಳಿದೆ. ಅಪ್ಪ ಅಂದಿನಿಂದ ಪುಸ್ತಕದ ತಮಾಷೆ ಮಾಡಿಲ್ಲ.

ಈ ಪತ್ರಿಕೆ ವಿಜಯಪುರದ ಕಡೆಗೂ ಹೋಗುತ್ತದೆಂದು ತಿಳಿದು ಇಲ್ಲಿಗೆ ಬರೆದಿದ್ದೇನೆ. ಅವಳಿಗೆ ಮುಜುಗರವಾಗಬಾರದೆಂದು ಅವಳ ಅಡ್ಡಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ. ಬಲ್ಲವರಿಗೆ ಇಷ್ಟರಲ್ಲೇ ಗುರುತು ಸಿಗುತ್ತದೆ. ಅವಳು ಈಗ ಯಾವ ಊರಿನಲ್ಲಿದ್ದಾಳೆ, ಶಾಂತವ್ವ ಹೇಗಿದ್ದಾರೆ, ಅವಳು ಮತ್ತೆ ಬೂಟು ಕಟ್ಟಿದಳೇ — ಇದರಲ್ಲಿ ಯಾವುದೊಂದು ಗೊತ್ತಿದ್ದರೂ ಸಂಪಾದಕರ ವಿಳಾಸಕ್ಕೆ ಬರೆದು ತಿಳಿಸಿ. ನನ್ನನ್ನು ಕ್ಷಮಿಸುವೆಯಾ ಎಂದು ನನ್ನ ಪರವಾಗಿ ಅವಳನ್ನು ಯಾರೂ ಕೇಳಬೇಡಿ. ಆ ದಿನ ಘಾಟಿನ ಮೇಲೆ ಅವಳು ಒಂಬತ್ತು ನಿಮಿಷ ಮುಂದಿದ್ದಳು ಎಂದು ಮಾತ್ರ ಹೇಳಿ. ಹೇಳಿದೆವು ಎಂದು ನನಗೆ ಒಂದು ಸಾಲು ಬರೆಯಿರಿ.